ಬಾನಿನಲ್ಲಿ ಜೀರ್ಣೋದ್ಧಾರ

(ಆಕಾಶವಾಣಿಯ ಭಾಷಣ)



ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಹೋಗುವ ಹಾದಿಯಲ್ಲಿ, ತುಂಗೆಯ ದಂಡೆಗೆ ಅಂಟಿಕೊಂಡಂತೆ ಮಂಡಗದ್ದೆ ಎಂಬ ಊರಿದೆ. ಅಲ್ಲಿ ಹೊಳೆಯ ನಡುವೆ ಒಂದು ಪುಟ್ಟ ನಡುಗಡ್ಡೆ. ಅದರ ಮೇಲೆ ಒಂದಿಷ್ಟು ಮರಗಳು. ಮಳೆಗಾಲ ಬಂತೆಂದರೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಆ ಮರಗಳನ್ನು ಆಶ್ರಯಿಸಿ ಗೂಡು ಕಟ್ಟುತ್ತವೆ. ಹೊಳೆ ತುಂಬಿ ಕೆಂಪು ನೀರು ಮರಗಳ ಬುಡವನ್ನು ಸುತ್ತಿ ಹರಿಯುತ್ತಿದ್ದರೂ ಮೇಲೆ ಹಕ್ಕಿಗಳ ಸಂಸಾರ ನಿರಾತಂಕವಾಗಿ ಸಾಗಿರುತ್ತದೆ. ನಿವೃತ್ತನಾದ ಮೇಲೆ ಹಲವು ಸಂಜೆಗಳನ್ನು ಈ ದಂಡೆಯ ಮೇಲೆ ಕಳೆದಿದ್ದೇನೆ. ಅಲ್ಲಿ ನನ್ನನ್ನು ಬಹುವಾಗಿ ಸೆಳೆದದ್ದು ಹಕ್ಕಿಗಳು ಗೂಡು ಕಟ್ಟುವ ಕೌಶಲವಲ್ಲ, ಕಟ್ಟಿದ್ದನ್ನು ಕಾಪಾಡುವ ಶ್ರಮ. ಮೊಟ್ಟೆಯಿಟ್ಟು ಕಾವಿಗೆ ಕುಳಿತ ಮೇಲೂ ಗಂಡು ಬೆಳ್ಳಕ್ಕಿ ಕಡ್ಡಿ ತರುವುದನ್ನು ನಿಲ್ಲಿಸುವುದಿಲ್ಲ. ಗಾಳಿಗೆ ಸಡಿಲಿದ ಗೂಡನ್ನು ಹೆಣ್ಣು ಕುಳಿತಲ್ಲಿಯೇ ಸರಿಪಡಿಸಿಕೊಳ್ಳುತ್ತದೆ. ವಾಸವೂ ದುರಸ್ತಿಯೂ ಒಟ್ಟೊಟ್ಟಿಗೆ ನಡೆಯುತ್ತವೆ.

ಮಲೆನಾಡಿನ ನಮಗೆ ಇದು ಹೊಸ ಪಾಠವೇನಲ್ಲ. ಬೇಸಗೆ ಮುಗಿಯುವುದರೊಳಗೆ ಒಡೆದ ಹಂಚು ಬದಲಿಸದ ಮನೆ, ಕಾಲುವೆಯ ಹೂಳು ತೆಗೆಯದ ಅಡಕೆ ತೋಟ ಮಳೆಗಾಲವನ್ನು ದಾಟುವುದು ಕಷ್ಟವೆಂಬುದನ್ನು ಇಲ್ಲಿನ ಪ್ರತಿಯೊಬ್ಬರೂ ಬಲ್ಲರು. ನಮ್ಮ ಶಾಸನಗಳನ್ನು ಓದಿದವರಿಗೂ ಈ ವಿವೇಕ ಪರಿಚಿತವೇ. ದೇವಾಲಯವನ್ನೋ ಬಸದಿಯನ್ನೋ ಕಟ್ಟಿಸಿದವರು ಅದರ ಪೂಜೆಗೆ, ಆಹಾರದಾನಕ್ಕೆ ಭೂಮಿ ಬಿಡುವಾಗ ಅದರೊಡನೆಯೇ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದೂ ಬಿಟ್ಟುಕೊಡುತ್ತಿದ್ದರು. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕು ಬಿಟ್ಟದ್ದು. ಕಟ್ಟಡ ಇನ್ನೂ ಹೊಸದಾಗಿರುವಾಗಲೇ, ಗೋಡೆಯಲ್ಲಿ ಒಂದೂ ಬಿರುಕು ಕಾಣದಿರುವಾಗಲೇ, ಮುಂದೊಂದು ದಿನ ಅದು ಬಿರುಕು ಬಿಡುತ್ತದೆಂದು ಒಪ್ಪಿಕೊಂಡು ಅದಕ್ಕೆ ವೆಚ್ಚವನ್ನು ಎತ್ತಿಡುವ ಬುದ್ಧಿ ಅದು. ಕೆರೆ ಕಟ್ಟಿಸಿದವರು ಹೂಳು ಸಾಗಿಸಲು ಕೆರೆಬಂಡಿಗೆ ದತ್ತಿ ಬಿಟ್ಟದ್ದೂ ಉಂಟು. ನಮ್ಮ ನೆರೆಯ ಹುಂಚದಲ್ಲಿ ಚಟ್ಟಲದೇವಿ 11ನೆಯ ಶತಮಾನದಲ್ಲಿ ಕಟ್ಟಿಸಿದ ಪಂಚಕೂಟ ಬಸದಿ ಈಗಲೂ ನಿಂತಿದೆ. ಅಷ್ಟು ಕಾಲ ಒಂದು ಕಟ್ಟಡ ನಿಲ್ಲಬೇಕಾದರೆ ಕಟ್ಟಿದವರ ಪುಣ್ಯವೊಂದೇ ಸಾಲದು, ತಿದ್ದಿ ಉಳಿಸಿದವರ ಪುಣ್ಯವೂ ಬೇಕು.

ಇಷ್ಟು ಪೀಠಿಕೆಯನ್ನು ನಾನು ಹಾಕಿದ್ದು ಕೈಗೆಟುಕದ ಒಂದು ವಸ್ತುವಿನ ದುರಸ್ತಿಯ ಚರಿತ್ರೆಯನ್ನು ಹೇಳುವುದಕ್ಕೆ. ಆ ವಸ್ತುವೇ ಕೃತಕ ಉಪಗ್ರಹ. ನೆಲದ ಮೇಲೆ ಕಟ್ಟಿ, ರಾಕೆಟ್ಟಿನ ತುದಿಯಲ್ಲಿ ಕೂರಿಸಿ, ಬಾನಿಗೆ ಕಳುಹಿಸಿದ ಮೇಲೆ ಅದು ಕೆಟ್ಟರೆ ಏನು ಗತಿ? ಏಣಿ ಹಾಕಿ ಹತ್ತುವಂತಿಲ್ಲ, ಇಳಿಸಿ ತರುವಂತಿಲ್ಲ. ಕನ್ನಡದ ಮೇಷ್ಟರಿಗೆ ಈ ವಿಚಾರ ಏಕೆ ಎಂದು ತಾವು ಕೇಳಬಹುದು. ಉಪಗ್ರಹದ ಕಥೆಯ ಬಹುಭಾಗ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, ನಮ್ಮ ಹಾಸನದಲ್ಲಿ. ಅದು ಕನ್ನಡ ನಾಡಿನ ಚರಿತ್ರೆಯ ಒಂದು ಅಧ್ಯಾಯವೆಂಬುದೇ ನನ್ನ ಸಮಾಧಾನ.

ನಮ್ಮ ಮೊದಲ ಉಪಗ್ರಹ ‘ಆರ್ಯಭಟ’. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ, ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಅದು ರೂಪುಗೊಂಡಿತು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಕಕ್ಷೆಗೆ ಸೇರಿಸಿತು. ಐದು ದಿನ ತುಂಬುವಷ್ಟರಲ್ಲಿ ವಿದ್ಯುತ್ ಪೂರೈಕೆಯಲ್ಲಿ ದೋಷ ಕಾಣಿಸಿಕೊಂಡು ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಉಪಗ್ರಹ ಮಾತ್ರ ಮುಂದೆಯೂ ವರ್ಷಗಳ ಕಾಲ ಸಂಕೇತಗಳನ್ನು ಕಳುಹಿಸುತ್ತ ಸುತ್ತಿತು. ಕೆಳಗಿದ್ದವರಿಗೆ ರೋಗ ಯಾವುದೆಂದು ತಿಳಿದಿತ್ತು. ರೋಗಿಯನ್ನು ಮುಟ್ಟುವ ಉಪಾಯವಿರಲಿಲ್ಲ.

ಮುಂದೆ 1981ರ ಜೂನ್ 19ರಂದು ‘ಆಪಲ್’ ಎಂಬ ಸಂಪರ್ಕ ಉಪಗ್ರಹ ಐರೋಪ್ಯರ ಏರಿಯಾನ್ ರಾಕೆಟ್ಟಿನಲ್ಲಿ ಮೇಲೇರಿತು. ಈ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲಿರಿಸಿದ ಚಿತ್ರವನ್ನು ತಮ್ಮಲ್ಲಿ ಹಲವರು ನೋಡಿರಬಹುದು. ಅದು ನಮ್ಮ ಬಡತನದ ಚಿತ್ರವೆಂದು ನಕ್ಕವರೂ ಇದ್ದಾರೆ. ನಿಜ ಸಂಗತಿಯೇ ಬೇರೆ. ಉಪಗ್ರಹದ ಆಂಟೆನಾವನ್ನು ಪರೀಕ್ಷಿಸುವಾಗ ಸುತ್ತಲಿನ ಲೋಹ ಸಂಕೇತಗಳಿಗೆ ಅಡ್ಡಿಯಾಗುತ್ತದೆ. ಮರದ ಗಾಡಿಯಲ್ಲಿ ಆ ತೊಂದರೆ ಇಲ್ಲ. ಕೆರೆಯ ಹೂಳು ಹೊತ್ತ ಬಂಡಿಯ ವಂಶದ್ದೇ ಒಂದು ಬಂಡಿ ಉಪಗ್ರಹದ ಪರೀಕ್ಷೆಗೂ ಒದಗಿತು. ಆದರೆ ಕಕ್ಷೆಗೆ ಹೋದ ಮೇಲೆ ಆಪಲ್‌ನ ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲೇ ಇಲ್ಲ. ಅರ್ಧ ಶಕ್ತಿಯಲ್ಲಿಯೇ ಅದನ್ನು ಸಂಭಾಳಿಸಿಕೊಂಡು ನಮ್ಮ ವಿಜ್ಞಾನಿಗಳು ಎರಡು ವರ್ಷಕ್ಕೂ ಮೇಲ್ಪಟ್ಟು ದುಡಿಸಿದರು.

ಹಾಸನದಲ್ಲಿ ಉಪಗ್ರಹಗಳ ಪ್ರಧಾನ ನಿಯಂತ್ರಣ ಕೇಂದ್ರ ಸ್ಥಾಪನೆಗೊಂಡದ್ದು 1982ರಲ್ಲಿ. ಅದೇ ವರ್ಷದ ಏಪ್ರಿಲ್ 10ರಂದು ಇನ್ಸಾಟ್-1ಎ ಅಮೆರಿಕೆಯಿಂದ ಮೇಲೇರಿತು. ಆ ಉಪಗ್ರಹದ ರಚನೆ ಸ್ವಾರಸ್ಯಕರವಾದದ್ದು. ಮೋಡಗಳ ಚಿತ್ರ ತೆಗೆಯುವ ಅದರ ಉಪಕರಣವನ್ನು ಸದಾ ತಣ್ಣಗಿಡಬೇಕಾಗಿತ್ತು. ಆದಕಾರಣ ಸೌರಫಲಕಗಳನ್ನೆಲ್ಲ ಒಂದೇ ಪಕ್ಕಕ್ಕೆ ಜೋಡಿಸಿದ್ದರು. ಸೂರ್ಯನ ಬೆಳಕು ತಾನು ಬಿದ್ದ ವಸ್ತುವನ್ನು ಅತ್ಯಂತ ಸೂಕ್ಷ್ಮವಾಗಿ ತಳ್ಳುತ್ತದೆ. ಒಂದೇ ಪಕ್ಕದಲ್ಲಿ ಫಲಕಗಳಿದ್ದರೆ ಆ ತಳ್ಳುವಿಕೆಯಿಂದ ಉಪಗ್ರಹ ಮೆಲ್ಲಮೆಲ್ಲನೆ ಓರೆಯಾಗತೊಡಗುತ್ತದೆ. ಅದನ್ನು ಸರಿದೂಗಿಸಲು ಇನ್ನೊಂದು ಪಕ್ಕದಲ್ಲಿ ಉದ್ದನೆಯ ಕೋಲಿನ ತುದಿಗೆ ಒಂದು ಹಾಯಿಯನ್ನು ಇರಿಸಿದ್ದರು. ಆ ಹಾಯಿ ಬಿಚ್ಚಿಕೊಳ್ಳಲಿಲ್ಲ. ಓರೆಯಾಗುತ್ತಿದ್ದ ಉಪಗ್ರಹವನ್ನು ನೆಟ್ಟಗೆ ನಿಲ್ಲಿಸಲು ಇಂಧನವನ್ನು ಮತ್ತೆ ಮತ್ತೆ ಉರಿಸಬೇಕಾಯಿತು. ಸೆಪ್ಟೆಂಬರ್ ಹೊತ್ತಿಗೆ ಇಂಧನವೆಲ್ಲ ತೀರಿ, ಏಳು ವರ್ಷ ಬಾಳಬೇಕಾದ ಉಪಗ್ರಹವನ್ನು ಕೈಬಿಡಬೇಕಾಗಿ ಬಂತು. ಒಂದು ಮಡಿಕೆಯನ್ನು ಬಿಡಿಸುವ ಬೆರಳು ಅಲ್ಲಿರಲಿಲ್ಲ; ಕೊರತೆಯಾದದ್ದು ಅಷ್ಟೇ.

ಮರುವರ್ಷ, 1983ರ ಆಗಸ್ಟ್ ಕೊನೆಯಲ್ಲಿ, ಚಾಲೆಂಜರ್ ಎಂಬ ಗಗನನೌಕೆ ಇನ್ಸಾಟ್-1ಬಿಯನ್ನು ಹೊತ್ತೊಯ್ದು ಬಿಡುಗಡೆ ಮಾಡಿತು. ಈ ಸಲವೂ ಸೌರಫಲಕ ತೆರೆದುಕೊಳ್ಳಲು ಮೊಂಡು ಹಿಡಿಯಿತು. ಹಾಸನದ ಕೇಂದ್ರದಲ್ಲಿ ನಮ್ಮವರೂ ಅದನ್ನು ತಯಾರಿಸಿದ ಅಮೆರಿಕೆಯ ಎಂಜಿನಿಯರುಗಳೂ ಕೂಡಿ ಸೆಪ್ಟೆಂಬರ್ ನಡುವಿನವರೆಗೆ ಹೆಣಗಿದರು. ಮೂವತ್ತಾರು ಸಾವಿರ ಕಿಲೋಮೀಟರ್ ದೂರದ ವಸ್ತುವಿಗೆ ಅವರು ಕಳುಹಿಸಬಹುದಾಗಿದ್ದುದು ಆಜ್ಞೆಯ ಸಂಕೇತಗಳನ್ನು ಮಾತ್ರ. ಕೊನೆಗೆ ಫಲಕ ತೆರೆದುಕೊಂಡಿತು. ಮುಂದೆ ನಾಡಿನ ಊರೂರಿಗೆ ದೂರದರ್ಶನದ ಮರುಪ್ರಸಾರ ಕೇಂದ್ರಗಳು ಹಬ್ಬಿದ್ದು ಈ ಉಪಗ್ರಹದ ಆಸರೆಯಿಂದ. ನಾನಾಗ ಇಪ್ಪತ್ತು ದಾಟಿದ ತರುಣ. ಊರಿನ ಒಂದೇ ಒಂದು ಟೀವಿಯ ಮುಂದೆ ನೆಲದ ಮೇಲೆ ಕುಳಿತು ನೋಡಿದ ನಮಗಾರಿಗೂ ಅದರ ಹಿಂದೆ ಹಾಸನದಲ್ಲಿ ಕೆಲವರು ನಿದ್ದೆಗೆಟ್ಟ ಸಂಗತಿ ಗೊತ್ತಿರಲಿಲ್ಲ.

ಮಾತಿನಿಂದಲೇ ರೋಗ ವಾಸಿಮಾಡುವ ಈ ಮಂತ್ರವಾದಕ್ಕೆ ಒಂದು ಮಿತಿಯುಂಟು. 1988ರ ಜುಲೈಯಲ್ಲಿ ಹಾರಿದ ಇನ್ಸಾಟ್-1ಸಿ ವಿದ್ಯುತ್ ದೋಷದಿಂದ ಅರ್ಧ ಶಕ್ತಿಯನ್ನು ಕಳೆದುಕೊಂಡು, ಮರುವರ್ಷ ಪೂರ್ತಿಯಾಗಿ ಕೈಬಿಟ್ಟಿತು. 1997ರ ಜೂನ್ ತಿಂಗಳಲ್ಲಿ ಹಾರಿದ ಇನ್ಸಾಟ್-2ಡಿ ಅಕ್ಟೋಬರ್ ತಿಂಗಳಲ್ಲಿಯೇ ಮೌನವಾಯಿತು. ಆಜ್ಞೆಯನ್ನು ಕೇಳುವ ಕಿವಿಯೂ ಪಾಲಿಸುವ ಶಕ್ತಿಯೂ ಉಳಿದಿರುವ ತನಕ ಮಾತಿಗೆ ಬೆಲೆ. ಅವೇ ಹೋದ ಮೇಲೆ ಕೈಯೇ ಬೇಕು.

ಬಾನಿನಲ್ಲಿ ಅಂಥ ಕೈ ಮೊದಲ ಬಾರಿಗೆ ಫಲ ಕೊಟ್ಟದ್ದು 1984ರ ಏಪ್ರಿಲ್ ತಿಂಗಳಲ್ಲಿ, ಸೂರ್ಯನನ್ನು ವೀಕ್ಷಿಸುತ್ತಿದ್ದ ಅಮೆರಿಕೆಯ ‘ಸೋಲಾರ್ ಮ್ಯಾಕ್ಸ್’ ಉಪಗ್ರಹದ ವಿಷಯದಲ್ಲಿ. 1980ರಲ್ಲಿ ಹಾರಿದ ಅದು ಅದೇ ವರ್ಷ ಫ್ಯೂಸುಗಳು ಹೋಗಿ ದಿಕ್ಕಿಗೆ ಸ್ಥಿರವಾಗಿ ನಿಲ್ಲುವ ಶಕ್ತಿಯನ್ನು ಕಳೆದುಕೊಂಡಿತ್ತು. ಚಾಲೆಂಜರ್ ನೌಕೆ ಅದರ ಬಳಿಗೆ ಹೋಯಿತು. ಜಾರ್ಜ್ ನೆಲ್ಸನ್ ಎಂಬ ಗಗನಯಾತ್ರಿ ಹೊರಗೆ ತೇಲಿಹೋಗಿ ಉಪಗ್ರಹಕ್ಕೆ ತನ್ನ ಸಾಧನವನ್ನು ಸಿಕ್ಕಿಸಲು ಯತ್ನಿಸಿದರೆ ಅದು ಕಚ್ಚಿಕೊಳ್ಳಲೇ ಇಲ್ಲ. ಉಪಗ್ರಹಕ್ಕೆ ಹೊದಿಸಿದ ಕವಚವನ್ನು ಹಿಡಿದಿದ್ದ ಒಂದು ಸಣ್ಣ ಗುಬಟು ಅಡ್ಡ ಬಂದಿತ್ತು. ನಕ್ಷೆಯಲ್ಲಿ ಅದರ ಗುರುತಿರಲಿಲ್ಲ! ಕೈಯಿಂದ ಹಿಡಿಯಲು ಹೋದಾಗ ಉಪಗ್ರಹ ತಿರುಗಣಿಯಂತೆ ಹೊರಳತೊಡಗಿತು. ಬ್ಯಾಟರಿಗಳು ಬರಿದಾಗುತ್ತ ಬಂದವು. ನೆಲದ ಮೇಲಿನ ಎಂಜಿನಿಯರುಗಳು ರಾತ್ರಿಯೆಲ್ಲ ದುಡಿದು ಸಂಕೇತಗಳ ಮೂಲಕ ಅದನ್ನು ಸ್ಥಿಮಿತಕ್ಕೆ ತಂದರು. ಬಳಿಕ ನೌಕೆಯ ಯಂತ್ರಬಾಹು ಅದನ್ನು ಹಿಡಿದು ಒಳಗೆ ತಂದಿತು. ಇಬ್ಬರು ಯಾತ್ರಿಗಳು ಕೆಟ್ಟ ಪೆಟ್ಟಿಗೆಯನ್ನು ಕಳಚಿ ಹೊಸದನ್ನು ಕೂರಿಸಿದರು.

ಮಿತ್ರರೆ, ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಸೋಲಾರ್ ಮ್ಯಾಕ್ಸ್ ದುರಸ್ತಿಯಾಗಲು ಯಾತ್ರಿಗಳ ಸಾಹಸದಷ್ಟೇ ಮುಖ್ಯವಾದ ಇನ್ನೊಂದು ಕಾರಣವುಂಟು. ಅದನ್ನು ಕಟ್ಟುವಾಗಲೇ ಅದಕ್ಕೆ ಯಂತ್ರಬಾಹು ಹಿಡಿಯುವಂಥ ಒಂದು ಹಿಡಿಯನ್ನು ಇಟ್ಟಿದ್ದರು. ಅಂಗಾಂಗಗಳನ್ನು ಬಿಡಿಬಿಡಿಯಾಗಿ ಕಳಚಬಹುದಾದ ಪೆಟ್ಟಿಗೆಗಳಲ್ಲಿ ಜೋಡಿಸಿದ್ದರು. ನಮ್ಮ ಶಾಸನಗಳ ಭಾಷೆಯಲ್ಲಿ ಹೇಳುವುದಾದರೆ, ಅದರ ದಾನಪತ್ರದಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರದ ಮಾತು ಮೊದಲೇ ಸೇರಿತ್ತು. ಹಬಲ್ ದೂರದರ್ಶಕವನ್ನು 1993ರ ಡಿಸೆಂಬರ್ ತಿಂಗಳಲ್ಲಿ ಸರಿಪಡಿಸಿ, ಮುಂದೆ ಮತ್ತೆ ಮತ್ತೆ ಹೋಗಿ ಹೊಸ ಉಪಕರಣಗಳನ್ನು ಕೂರಿಸಲು ಸಾಧ್ಯವಾದುದೂ ಇದೇ ಕಾರಣದಿಂದ. ಅಂಥ ಹಿಡಿಯಿಲ್ಲದ ಉಪಗ್ರಹಗಳ ಪಾಡು ಬೇರೆ. 1992ರ ಮೇ ತಿಂಗಳಲ್ಲಿ ತಪ್ಪು ಕಕ್ಷೆಯಲ್ಲಿ ಸಿಕ್ಕಿಬಿದ್ದ ಇಂಟೆಲ್‌ಸಾಟ್ ಉಪಗ್ರಹವನ್ನು ಹಿಡಿಯಲು ತಂದ ಸಲಕರಣೆ ಪ್ರಯೋಜನಕ್ಕೆ ಬಾರದೆ, ಮೂವರು ಯಾತ್ರಿಗಳು ಒಟ್ಟಿಗೆ ಹೊರಗೆ ಹೋಗಿ ಕೈಗವಸು ತೊಟ್ಟ ಕೈಗಳಿಂದಲೇ ಅದನ್ನು ಹಿಡಿಯಬೇಕಾಯಿತು.

ಮನುಷ್ಯರು ಹೋಗಿ ಮಾಡುವ ಈ ಕೆಲಸ ದುಬಾರಿ, ಅಪಾಯಕರ. ಅಲ್ಲದೆ ಹಾಸನದಿಂದ ನೋಡಿಕೊಳ್ಳುವಂಥ ಉಪಗ್ರಹಗಳಿರುವ ಭೂಸ್ಥಿರ ಕಕ್ಷೆಯ ಎತ್ತರಕ್ಕೆ ಆ ನೌಕೆಗಳು ಏರಲಾರದವು. ಅವುಗಳ ಸಂಚಾರವೆಲ್ಲ ಕೆಲವು ನೂರು ಕಿಲೋಮೀಟರುಗಳಷ್ಟೆ. ಆದ್ದರಿಂದ ಮನುಷ್ಯರಿಲ್ಲದ ಯಂತ್ರವೇ ಹೋಗಿ ದುರಸ್ತಿ ಮಾಡಬೇಕೆಂಬ ಆಲೋಚನೆ ಬೆಳೆಯಿತು. ಜಪಾನೀಯರು 1997ರಲ್ಲಿ ಒಂದು ಜೋಡಿ ಉಪಗ್ರಹಗಳನ್ನು ಹಾರಿಸಿದರು. ಅವರ ಪುರಾಣದಲ್ಲಿ ಆಕಾಶಗಂಗೆಯ ಎರಡು ದಂಡೆಗಳಲ್ಲಿ ಅಗಲಿ ನಿಂತ ತಾರಾಪ್ರೇಮಿಗಳಿದ್ದಾರೆ. ಒರಿಹಿಮೆ, ಹಿಕೊಬೊಶಿ ಎಂಬ ಅವರ ಹೆಸರುಗಳನ್ನೇ ಈ ಜೋಡಿಗೆ ಇಟ್ಟರು. ಅಗಲಿದವನ್ನು ಮತ್ತೆ ಕೂಡಿಸುವುದೇ ಪ್ರಯೋಗವಾಗಿರುವಾಗ ಇದಕ್ಕಿಂತ ಒಪ್ಪುವ ಹೆಸರುಂಟೆ? 2007ರಲ್ಲಿ ಅಮೆರಿಕೆಯ ‘ಆರ್ಬಿಟಲ್ ಎಕ್ಸ್‌ಪ್ರೆಸ್’ ಎಂಬ ಜೋಡಿಯಲ್ಲಿ ಒಂದು ಇನ್ನೊಂದಕ್ಕೆ ಇಂಧನ ತುಂಬಿತು. ಯಂತ್ರಬಾಹುವಿನಿಂದ ಬ್ಯಾಟರಿಯನ್ನೂ ದಾಟಿಸಿತು.

ಭೂಸ್ಥಿರ ಕಕ್ಷೆಯ ನಿಜವಾದ ಚಾಕರಿ ನಡೆದದ್ದು 2020ರ ಫೆಬ್ರವರಿ 25ರಂದು. 2001ರಲ್ಲಿ ಹಾರಿದ್ದ ಇಂಟೆಲ್‌ಸಾಟ್-901ರ ಇಂಧನ ತೀರುತ್ತ ಬಂದಿತ್ತು. ಎಂಇವಿ-1 ಎಂಬ ಯಂತ್ರನೌಕೆ ಹೋಗಿ ಅದಕ್ಕೆ ಅಂಟಿಕೊಂಡು, ತನ್ನ ಎಂಜಿನ್ನಿನಿಂದಲೇ ಅದನ್ನು ದಿಕ್ಕಿಗೆ ನಿಲ್ಲಿಸುವ ಕೆಲಸವನ್ನು ವಹಿಸಿಕೊಂಡಿತು. ಉಪಗ್ರಹಕ್ಕೆ ಹಿಡಿಯಿರಲಿಲ್ಲವಲ್ಲ, ಹಿಡಿದದ್ದು ಹೇಗೆ? ಉಪಗ್ರಹದ ಎಂಜಿನ್ನಿನ ಬಾಯೊಳಗೆ ಒಂದು ಕೋಲನ್ನು ತೂರಿಸಿ ಅಲ್ಲಿಂದ ಬಿಗಿಹಿಡಿಯಿತು. ಹಿಡಿಯಿಲ್ಲದ ಕೊಡವನ್ನು ಬಾಯೊಳಗೆ ಕೈಯಿಟ್ಟು ಎತ್ತಿದ ಹಾಗೆ. ಐದು ವರ್ಷ ಹೀಗೆ ಹೊತ್ತು ನಡೆಸಿ, 2025ರ ಏಪ್ರಿಲ್ ತಿಂಗಳಲ್ಲಿ ಅದನ್ನು ಯಾರಿಗೂ ಅಡ್ಡಿಯಾಗದ ದೂರದ ಕಕ್ಷೆಯಲ್ಲಿ ಬಿಟ್ಟು ಬಂದಿತು. ಮುಪ್ಪಿನ ಹಿರಿಯರನ್ನು ಕೈಹಿಡಿದು ನಡೆಸಿ, ಕಡೆಗೆ ಗೌರವದಿಂದ ಬೀಳ್ಕೊಟ್ಟಂತೆ ಇದು ನನಗೆ ಕಾಣುತ್ತದೆ.

ಸೋಲಿನ ಕಥೆಯನ್ನೂ ಹೇಳಬೇಕು. 1999ರಲ್ಲಿ ಹಾರಿದ್ದ ಲ್ಯಾಂಡ್‌ಸಾಟ್-7ಕ್ಕೆ ಬಾನಿನಲ್ಲಿಯೇ ಇಂಧನ ತುಂಬಬೇಕೆಂದು ನಾಸಾ ಒಂದು ರೋಬಾಟ್ ನೌಕೆಯನ್ನು ಕಟ್ಟಲು ತೊಡಗಿತು. ಆದರೆ ಆ ಉಪಗ್ರಹವನ್ನು ಮತ್ತೆ ಯಾರಾದರೂ ತೆರೆದಾರೆಂಬ ನಿರೀಕ್ಷೆಯಿಂದ ಕಟ್ಟಿರಲಿಲ್ಲ. ಕವಚ ಕತ್ತರಿಸಿ, ಬಿಗಿದ ತಂತಿ ತುಂಡರಿಸಿ, ಮುಚ್ಚಳ ತಿರುಚಿ ಒಳಗೆ ಹೋಗಬೇಕು. ಕೆಲಸ ಜಟಿಲವಾಯಿತು; ವೆಚ್ಚ ಬೆಳೆಯಿತು; 2024ರಲ್ಲಿ ಯೋಜನೆಯನ್ನೇ ಕೈಬಿಟ್ಟರು. ಹೆತ್ತವರು ಮರೆತದ್ದನ್ನು ವೈದ್ಯ ಎಷ್ಟೆಂದು ತುಂಬಿಕೊಟ್ಟಾನು?

ಇನ್ನು ನಮ್ಮ ನಾಡಿಗೆ ಮರಳೋಣ. 2024ರ ಡಿಸೆಂಬರ್ 30ರಂದು ಶ್ರೀಹರಿಕೋಟೆಯಿಂದ ‘ಸ್ಪೇಡೆಕ್ಸ್’ ಎಂಬ ಜೋಡಿ ಉಪಗ್ರಹಗಳು ಹಾರಿದವು. ಒಂದೊಂದರ ತೂಕ ಸುಮಾರು 220 ಕಿಲೋಗ್ರಾಂ. ಅವು ಬಾನಿನಲ್ಲಿ ಒಂದನ್ನೊಂದು ಸಂಧಿಸಿ ಬೆಸೆದುಕೊಳ್ಳಬೇಕು. ಜನವರಿ 7ಕ್ಕೆ ಗೊತ್ತುಮಾಡಿದ್ದ ಸಂಧಾನ 9ಕ್ಕೆ ಮುಂದೆ ಹೋಯಿತು, ಅದೂ ತಪ್ಪಿತು. ಜನವರಿ 12ರಂದು ಅವುಗಳನ್ನು ಮೂರು ಮೀಟರ್ ಸಮೀಪಕ್ಕೆ ತಂದು, ಎಲ್ಲವನ್ನೂ ಪರಿಶೀಲಿಸಿ, ಮತ್ತೆ ಸುರಕ್ಷಿತ ದೂರಕ್ಕೆ ಸರಿಸಿದರು. ಗಂಟೆಗೆ ಇಪ್ಪತ್ತೇಳು ಸಾವಿರ ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಎರಡೂ ಓಡುತ್ತಿರುವಾಗ ಒಂದರ ಕಡೆಗೆ ಇನ್ನೊಂದು ಸರಿಯಬೇಕಾದುದು ಇರುವೆಯ ನಡಿಗೆಯಲ್ಲಿ. ಜನವರಿ 16ರಂದು ಅವು ಕೂಡಿಕೊಂಡವು. ಈ ವಿದ್ಯೆಯನ್ನು ಸಾಧಿಸಿದ ನಾಲ್ಕನೆಯ ದೇಶ ನಮ್ಮದಾಯಿತು. ಮಾರ್ಚ್ 13ರಂದು ಬಿಡಿಸಿ, ಏಪ್ರಿಲ್ 20ರಂದು ಮತ್ತೊಮ್ಮೆ ಕೂಡಿಸಿದರು. ಆಮೇಲೆ ಒಂದರ ವಿದ್ಯುತ್ತನ್ನು ಇನ್ನೊಂದಕ್ಕೆ ಹರಿಸಿದರು. ಆರ್ಯಭಟನಿಗೆ 1975ರಲ್ಲಿ ಇಲ್ಲದೆಹೋದದ್ದು ಈ ವಿದ್ಯುತ್ತೇ ಅಲ್ಲವೆ? ಅದೇ ರಾಕೆಟ್ಟಿನ ಕೊನೆಯ ಹಂತದ ಮೇಲೆ, ಅಳತೆಹುಳುವಿನಂತೆ ಹೆಜ್ಜೆಯಿಟ್ಟು ನಡೆಯುವ ಒಂದು ಯಂತ್ರಬಾಹುವನ್ನೂ ಪರೀಕ್ಷಿಸಲಾಯಿತು.

ಆದರೆ ಆ ಸಂತೋಷದ ಬೆನ್ನಿಗೇ, ಅದೇ ಜನವರಿ 29ರಂದು, ಇನ್ನೊಂದು ಪ್ರಸಂಗ ನಡೆಯಿತು. ಶ್ರೀಹರಿಕೋಟೆಯ ನೂರನೆಯ ಉಡಾವಣೆಯಲ್ಲಿ ಎನ್‌ವಿಎಸ್-02 ಎಂಬ ಪಥದರ್ಶಕ ಉಪಗ್ರಹ ಮೇಲೇರಿತು. ರಾಕೆಟ್ ತನ್ನ ಕೆಲಸವನ್ನು ಚೊಕ್ಕವಾಗಿ ಮುಗಿಸಿತು. ಉಪಗ್ರಹದ ಸೌರಫಲಕಗಳೂ ಬಿಚ್ಚಿಕೊಂಡವು. ಹಾಸನದೊಡನೆ ಸಂಪರ್ಕವೂ ಏರ್ಪಟ್ಟಿತು. ಆದರೆ ಎಂಜಿನ್ನಿಗೆ ಆಕ್ಸಿಡೈಸರ್ ಹರಿಸುವ ಕವಾಟ ತೆರೆಯಲಿಲ್ಲ. ಹೊಟ್ಟೆಯಲ್ಲಿ ಇಂಧನವಿಟ್ಟುಕೊಂಡೇ ಉಪಗ್ರಹ ತಾನು ಸೇರಬೇಕಾದ ಕಕ್ಷೆಯನ್ನು ಸೇರದೆ ಉಳಿಯಿತು. ಹದಿಮೂರು ದಿನಗಳ ಹಿಂದೆಯಷ್ಟೇ ಎರಡು ಉಪಗ್ರಹಗಳನ್ನು ಬಾನಿನಲ್ಲಿ ಕೂಡಿಸಿದ ನಮಗೆ ಒಂದು ಕವಾಟವನ್ನು ಬಿಡಿಸುವ ಕೈ ಇರಲಿಲ್ಲ. 1982ರ ಹಾಯಿಯಿಂದ 2025ರ ಕವಾಟದವರೆಗೆ ನಾವು ಎಷ್ಟು ಮುಂದೆ ಬಂದಿದ್ದೇವೆ, ಎಷ್ಟು ಹಿಂದೆಯೇ ಉಳಿದಿದ್ದೇವೆ ಎಂಬೆರಡನ್ನೂ ಆ ಒಂದೇ ತಿಂಗಳು ತೋರಿಸಿಕೊಟ್ಟಿತು.

ಹಿಡಿಯಬಲ್ಲ ಕೈ ಮುರಿಯಲೂ ಬಲ್ಲದು. ತನ್ನ ಉಪಗ್ರಹವನ್ನು ತಿದ್ದುವ ಯಂತ್ರ ಪರರ ಉಪಗ್ರಹವನ್ನು ಕೆಡಿಸಲೂಬಹುದು. ಈ ಶಂಕೆ ನಿರಾಧಾರವಲ್ಲ. ಆ ಕಾರಣಕ್ಕೆ ವಿದ್ಯೆಯನ್ನೇ ಬಿಡುವಂತಿಲ್ಲ. ಅದಕ್ಕೊಂದು ಕಟ್ಟುಪಾಡನ್ನು ದೇಶಗಳು ಕೂಡಿ ಒಪ್ಪಿಕೊಳ್ಳಬೇಕು.

ಕೊನೆಯದಾಗಿ ನನ್ನ ಮನೆಯ ಒಂದು ಮಾತು. ನಮ್ಮ ತಂದೆಯವರ ಕಾಲದ ವಾಲ್ವ್ ರೇಡಿಯೋ ಕೆಟ್ಟಾಗ ಪೇಟೆಯ ರಿಪೇರಿಯವರು ಹಿಂದಿನ ಹಲಗೆಯನ್ನು ಬಿಚ್ಚಿ, ಆರಿದ ವಾಲ್ವನ್ನು ಕಿತ್ತು ಬೇರೆಯದನ್ನು ಕೂರಿಸಿಕೊಡುತ್ತಿದ್ದರು. ಹತ್ತಾರು ಮಳೆಗಾಲಗಳನ್ನು ಅದು ಹಾಗೆಯೇ ದಾಟಿತು. ಈಚೆಗೆ ಮೊಮ್ಮಗ ತಂದುಕೊಟ್ಟ ಪುಟ್ಟ ರೇಡಿಯೋ ವರ್ಷದೊಳಗೆ ಮೂಕವಾಯಿತು. ಅಂಗಡಿಗೆ ಒಯ್ದೆ. ಅಲ್ಲಿನ ಹುಡುಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಮೇಷ್ಟ್ರೇ, ಇದಕ್ಕೆ ಸ್ಕ್ರೂನೇ ಇಲ್ಲ. ಅಂಟು ಹಾಕಿ ಮುಚ್ಚಿಬಿಟ್ಟಿದಾರೆ. ಬಿಚ್ಚೋದು ಎಲ್ಲಿಂದ?” ಎಂದ. ಅವನ ಕೈಯಲ್ಲಿ ಕೆಲಸವಿತ್ತು, ಮನಸ್ಸೂ ಇತ್ತು; ವಸ್ತುವಿನಲ್ಲಿ ಎಡೆಯಿರಲಿಲ್ಲ. ನಮ್ಮ ಉಪಗ್ರಹಗಳನ್ನು ಕಟ್ಟುವವರಲ್ಲಿ ನನ್ನ ಬಿನ್ನಹ ಇಷ್ಟೆ: ಬೆಂಗಳೂರಿನಲ್ಲಿ ಮುಂದೆ ಕಟ್ಟುವ ಒಂದೊಂದಕ್ಕೂ ಒಂದು ಹಿಡಿ, ಒಂದು ಕಳಚುವ ಮುಚ್ಚಳ, ನಕ್ಷೆಯಲ್ಲಿ ಒಂದು ಗುಬಟನ್ನೂ ಬಿಡದ ಗುರುತು ಇರಲಿ. ತಿದ್ದಬಲ್ಲ ಯಂತ್ರ ಇನ್ನೂ ಸಿದ್ಧವಾಗಿಲ್ಲದಿದ್ದರೂ ಚಿಂತೆಯಿಲ್ಲ. ಜೀರ್ಣೋದ್ಧಾರಕ್ಕೆಂದು ಭೂಮಿ ಬಿಟ್ಟವರಿಗೂ ಮುಂದೆ ಬಂದು ಗೋಡೆ ತಿದ್ದುವ ಕಲ್ಲುಕುಟಿಗ ಯಾರೆಂಬುದು ತಿಳಿದಿರಲಿಲ್ಲ.

ಮಂಡಗದ್ದೆಯ ಹೊಳೆಯಲ್ಲಿ ಈಗ ನೀರು ಏರುತ್ತಿದೆ. ಬೆಳ್ಳಕ್ಕಿಗಳು ಕಡ್ಡಿ ತರತೊಡಗಿವೆ.